ಪ್ರಶ್ನಾವಳಿಗೆ ಮುಂಚೆ ಒಬ್ಬ ರೋಗಿ

ಆಂಧ್ರದ ಋಷಿಕೊಂಡದ ಗೀತಂ ದಂತವೈದ್ಯ ಕಾಲೇಜಿರಲಿ, ನಮ್ಮ ಮಣಿಪಾಲ, ಧಾರವಾಡ, ಬೆಂಗಳೂರಿನ ಕಾಲೇಜುಗಳಿರಲಿ, ಬಿಡಿಎಸ್ ಓದುವವರಿಗೆ ‘ಎಂಡಿಎಸ್‌ಗೆ ಆರ್ಥೊ ತಗೋತೀರಾ?’ ಅನ್ನುವ, ಅಂದರೆ ಸ್ನಾತಕೋತ್ತರಕ್ಕೆ ಹಲ್ಲಿನ ಸಾಲು ಸರಿಪಡಿಸುವ ಆರ್ಥೊಡಾಂಟಿಕ್ಸ್ ಆರಿಸುತ್ತೀರಾ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಇದನ್ನೇ ಪ್ರಶ್ನಾವಳಿಯಾಗಿ ಹಂಚಿ, ಆಸಕ್ತಿ, ಆದಾಯ, ಗೌರವ ಎಂಬ ಕಾಲಂಗಳಲ್ಲಿ ಗುರುತು ಹಾಕಿಸಿ ಶೇಕಡಾವಾರು ಲೆಕ್ಕ ತೆಗೆಯುವ ಅಧ್ಯಯನಗಳೂ ನಡೆಯುತ್ತವೆ. ಈ ಕ್ರಮದ ಬಗ್ಗೆ ನನಗೆ ದೊಡ್ಡ ತಕರಾರಿದೆ. ಸರಿಯಾಗಿ ಕಂಡೇ ಇರದ ಕೆಲಸದ ಬಗ್ಗೆ ಇಲ್ಲಿ ಅಭಿಪ್ರಾಯ ಕೇಳಲಾಗುತ್ತಿದೆ.

ವಿದ್ಯಾರ್ಥಿ ಕಂಡಿರುವುದೇನು? ಪ್ಲೈಯರ್ ಹಿಡಿದು ತಂತಿ ನೇರ ಮಾಡುವುದು, ಪ್ಲೇಟನ್ನು ಹಲ್ಲಿಗೆ ಹಿಡಿದಿಡುವ ಆಡಮ್ಸ್ ಕ್ಲಾಸ್ಪ್ ಎಂಬ ತಂತಿ ಕೊಂಡಿಯ ಎರಡು ಮೂಲೆ ಸಮನಾಗಿ ಬರುವ ತನಕ ಮತ್ತೆ ಮತ್ತೆ ಬಾಗಿಸುವುದು, ಹೆಬ್ಬೆರಳು ನೋಯಿಸಿಕೊಳ್ಳುವುದು. ರೋಗಿಯ ಬಾಯಲ್ಲಿ ವಿದ್ಯಾರ್ಥಿಯ ಪಾಲಿಗೆ ಬರುವುದು ಹೆಚ್ಚಾಗಿ ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಪ್ಲೇಟು. ಹಲ್ಲಿಗೆ ಅಂಟಿಸುವ ಕ್ಲಿಪ್ಪಿನ ಕೆಲಸವೆಲ್ಲ ಪಿ.ಜಿ.ಗಳದ್ದು, ಅಂದರೆ ಎಂಡಿಎಸ್ ಓದುವವರದ್ದು. ಆ ಚಿಕಿತ್ಸೆಗೋ ಒಂದೂವರೆ ಎರಡು ವರ್ಷ ಬೇಕು. ತಂತಿ ಹಲ್ಲನ್ನು ಒತ್ತುವ ದಿಕ್ಕಿನಲ್ಲಿ ಮೂಳೆ ಕರಗಿ, ಹಿಂದೆ ಹೊಸ ಮೂಳೆ ಕಟ್ಟಿಕೊಳ್ಳುತ್ತ ಹಲ್ಲು ನಿಧಾನಕ್ಕೆ ಸರಿಯುತ್ತದೆ. ಕೆಲವೇ ವಾರಗಳ ಪೋಸ್ಟಿಂಗಿಗೆ ಬಂದ ಇಂಟರ್ನ್‌ಗೆ ಅದರ ಒಂದು ಸಿಟ್ಟಿಂಗ್ ಮಾತ್ರ ಕಾಣುತ್ತದೆ. ಸೀಳು ಅಂಗುಳದ ಮಗುವಿಗೆ ಮೂಳೆ ಕಸಿ ಮಾಡುವ ಮುನ್ನ ಮೇಲ್ದವಡೆಯನ್ನು ಹಿಗ್ಗಿಸಿಕೊಡುವುದೂ ಅನೇಕ ಸಲ ಇದೇ ವಿಭಾಗ. ಅದನ್ನು ಕಣ್ಣಾರೆ ನೋಡದವರಿಗೆ ಆರ್ಥೊ ಎಂದರೆ ಚೆಂದದ ನಗು, ಒಳ್ಳೆಯ ಸಂಪಾದನೆ, ಅಷ್ಟೇ.

ಆಯ್ಕೆ ಎಂಬ ಮಾತೂ ಪೂರ್ತಿ ನಿಜವಲ್ಲ. ನೀಟ್ ಎಂಡಿಎಸ್ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಬಂದ ಮೇಲೆ ಕೌನ್ಸೆಲಿಂಗಿನಲ್ಲಿ ಉಳಿದ ಸೀಟೇ ಸೀಟು. ಆಂಧ್ರದ ಮಕ್ಕಳು ವಿಜಯವಾಡದ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿ ನೋಡುತ್ತಾರೆ, ನಮ್ಮವರು ಇಲ್ಲಿಯದನ್ನು. ಮನೆಯವರು ಖಾಸಗಿ ಕಾಲೇಜಿನ ಫೀಸು ನೋಡುತ್ತಾರೆ. ಆಸಕ್ತಿಯ ಕಾಲಮ್ಮಿನಲ್ಲಿ ಬಿದ್ದ ಗುರುತು ಇದನ್ನೆಲ್ಲ ಹೇಳುವುದಿಲ್ಲ.

ಬಿಡಿಎಸ್ ನಾಲ್ಕು ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಮೂರನೇ ವರ್ಷದಲ್ಲಿ ಒಬ್ಬ ರೋಗಿಯನ್ನು ಪಿ.ಜಿ.ಯ ಜತೆ ವಿದ್ಯಾರ್ಥಿಗೂ ಒಪ್ಪಿಸಿದರೆ ಇಂಟರ್ನ್‌ಶಿಪ್ ಮುಗಿಯುವ ಮೊದಲೇ ಕ್ಲಿಪ್ ಬಿಚ್ಚುವ ದಿನ ಬಂದಿರುತ್ತದೆ. ಆರ್ಥೊ ವಿಭಾಗದ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ: ಮೊದಲು ಆ ಒಬ್ಬ ರೋಗಿಯನ್ನು ಕೊಡಿ, ಪ್ರಶ್ನಾವಳಿಯನ್ನು ಆಮೇಲೆ ಹಂಚಿ.