ನಡುಗುವ ಜೀಪಿಗೆ ಸ್ಕ್ರೂ ಮದ್ದಲ್ಲ

ಮಲೆನಾಡಿನ ಅಡ್ಡಗದ್ದೆ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡಿದ ಸದ್ದು ಅಡುಗೆಮನೆಯಲ್ಲಿದ್ದವರಿಗೂ ಅರ್ಥವಾಗುತ್ತದೆ. ‘ಇವತ್ತೂ ಕುಂಟ್ತಾ ಇದೆ’ ಎಂದು ಒಳಗಿನಿಂದಲೇ ತೀರ್ಪು ಬರುತ್ತದೆ. ಗೇರ್ ಹಾಕಿ ಕಾಲು ಒತ್ತಿದರೆ ಸರಿಯಾಗಿಯೇ ಓಡುವ ಗಾಡಿ, ನಿಂತಲ್ಲಿ ಮಾತ್ರ ನಡುಗುತ್ತದೆ. ಕನ್ನಡಿ ಅಲುಗಿ ಹಿಂದಿನ ರಸ್ತೆ ಎರಡಾಗಿ ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮೇಲಿಟ್ಟ ಎಲೆಅಡಿಕೆ ಡಬ್ಬಿ ತನ್ನಷ್ಟಕ್ಕೆ ಜಾರಿ ಮಡಿಲಿಗೆ ಬೀಳುತ್ತದೆ.

ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಮದ್ದು ಒಂದೇ. ಬಾನೆಟ್ ಎತ್ತಿ, ಪಂಪಿನ ಪಕ್ಕದ ಐಡ್ಲಿಂಗ್ ಸ್ಕ್ರೂವಿನ ಲಾಕ್ ನಟ್ ಸಡಿಲಿಸಿ, ಅರ್ಧ ಸುತ್ತು ತಿರುಗಿಸುವುದು. ಇಂಜಿನ್ನಿನ ದನಿ ಏರುತ್ತದೆ, ನಡುಕ ಮಾಯವಾಗುತ್ತದೆ. ಐದು ನಿಮಿಷದ ಕೆಲಸ. ಪರಿಚಯದವರಾದರೆ ದುಡ್ಡನ್ನೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಈ ಐದು ನಿಮಿಷದ ವಿದ್ಯೆಯ ಮೇಲೆಯೇ.

ನಿಂತಾಗ ಮಾತ್ರ ಯಾಕೆ ನಡುಕ? ಹಳೆಯ ಮಹೀಂದ್ರ ಜೀಪುಗಳಲ್ಲಿ ಬಹಳಷ್ಟಕ್ಕೆ ಇರುವುದು ಪ್ಯೂಜೋ ವಿನ್ಯಾಸದ 2112 ಸಿಸಿ ಇಂಜಿನ್, ನಾಲ್ಕು ಸಿಲಿಂಡರ್. ನಿಮಿಷಕ್ಕೆ ಸುಮಾರು 750 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿ ಸೆಕೆಂಡಿಗೆ ಆರು ಸಲ ಡೀಸೆಲ್ ಉರಿಯಬೇಕು. ಪ್ರತಿಸಲ ಒಳಗೆ ಹೋಗುವ ಡೀಸೆಲ್ ಒಂದು ಹನಿಗಿಂತಲೂ ಕಡಿಮೆ. ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿ ಕಾಯಿಸಿ, ಆ ಕಾವಿಗೆ ಡೀಸೆಲ್ ಚಿಮ್ಮಿಸಿದರೆ ಅದು ತಾನೇ ಹೊತ್ತಿಕೊಳ್ಳಬೇಕು. ಇಷ್ಟು ಸಣ್ಣ ಅಳತೆಯಲ್ಲಿ ಒಂದು ಸಿಲಿಂಡರಿಗೆ ಎಳ್ಳಷ್ಟು ಕಡಿಮೆ ಬಿದ್ದರೂ ನಾಲ್ವರು ಹೊರುವ ಮಂಚದಲ್ಲಿ ಒಬ್ಬ ಕುಂಟಿದ ಹಾಗೆ. ವೇಗ ಹೆಚ್ಚಿದಾಗ ಪ್ರತಿ ಸಲದ ಡೀಸೆಲ್ಲಿನ ಪ್ರಮಾಣವೂ ಹೆಚ್ಚುತ್ತದೆ, ಭಾರದ ಫ್ಲೈವೀಲು ತನ್ನ ಓಟದಲ್ಲಿ ಕುಂಟನ್ನು ನುಂಗಿಬಿಡುತ್ತದೆ. ಅಂದರೆ ಸ್ಕ್ರೂ ತಿರುಗಿಸಿದಾಗ ಆಗುವುದು ಇಷ್ಟೇ: ಕುಂಟುವವ ಕುಂಟುತ್ತಲೇ ಇದ್ದಾನೆ, ನಾವು ಮೆರವಣಿಗೆಯನ್ನು ಓಡಿಸುತ್ತಿದ್ದೇವೆ.

ಸ್ಕ್ರೂವಿಗೂ ಅದರದೇ ನ್ಯಾಯವಿದೆ, ಇಲ್ಲವೆನ್ನುವುದಿಲ್ಲ. ಪಂಪು ಬಿಚ್ಚಿ ಕೂರಿಸಿದ ಮೇಲೆ ಐಡ್ಲಿಂಗ್ ನಿಜವಾಗಿಯೂ ಕೆಳಗಿಳಿದಿದ್ದರೆ ಅದನ್ನು ಏರಿಸಲೇಬೇಕು. ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಸತ್ತಿದ್ದರೆ ಸರಿಯಿರುವ ಇಂಜಿನ್ನೂ ನಡುಗುವಂತೆ ಕಾಣುತ್ತದೆ. ಅದು ಬೇರೆ ಮಾತು. ಆದರೆ ಕಾರಣ ಹುಡುಕದೆ ಏರಿಸಿದ ಸ್ಕ್ರೂ ದೋಷವನ್ನು ಬಚ್ಚಿಡುತ್ತದೆ. ಬಚ್ಚಿಟ್ಟ ದೋಷ ಬಯಲಾಗುವುದು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಯಾವುದೋ ಒಂದರಲ್ಲಿ, ಇಲ್ಲವೇ ಕೆರೆಕಟ್ಟೆ ದಾಟಿದ ಮೇಲಿನ ಕಾಡಿನಲ್ಲಿ.

ಸ್ಕ್ರೂ ಸೋತರೆ ಎರಡನೆಯ ಮಾತು ಸಿದ್ಧವಿರುತ್ತದೆ: ‘ಪಂಪು ಬಿಚ್ಚಬೇಕು ಮಾರಾಯ್ರೆ.’ ಬಿಚ್ಚಿದ ಪಂಪು ಚೀಲದಲ್ಲಿ ಕೂತು ನೂರು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗಕ್ಕೆ ಬಸ್ಸು ಹತ್ತುತ್ತದೆ. ಪಂಪಿನ ಬಗ್ಗೆ ನನಗೆ ಗೌರವವಿದೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ, ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಇವತ್ತಿಗೂ ಮೈಕೋ ಪಂಪೇ. ಅದರೊಳಗಿನ ಪ್ಲಂಜರಿಗೂ ಬ್ಯಾರೆಲಿಗೂ ನಡುವೆ ಇರುವ ಸಂದು ಮೈಕ್ರಾನ್ ಲೆಕ್ಕದ್ದು. ರಸ್ತೆ ಬದಿಯ ಬೆಂಚಿನ ಮೇಲೆ, ಅಡಿಕೆ ಸಿಪ್ಪೆಯ ದೂಳಿನಲ್ಲಿ ತೆರೆಯುವ ವಸ್ತುವಲ್ಲ. ಟೆಸ್ಟ್ ಬೆಂಚಿಗೆ ಕಟ್ಟಿ ನಾಲ್ಕು ಪೈಪಿಗೂ ಸಮನಾಗಿ ಬೀಳುತ್ತದೆಯೇ ಎಂದು ಅಳೆಯುವುದು ನಿಜವಾದ ಪರೀಕ್ಷೆ.

ಆದರೆ ಆ ಪರೀಕ್ಷೆ ಹೇಳುವುದು ಪಂಪಿನ ಕತೆಯನ್ನು ಮಾತ್ರ. ಬೆಂಚಿನ ಮೇಲೆ ಪಂಪಿಗೆ ಸಿಗುವುದು ಸೋಸಿದ, ಗುಳ್ಳೆಯಿಲ್ಲದ ಎಣ್ಣೆ. ನಮ್ಮ ಜೀಪಿನಲ್ಲಿ ಸಿಗುತ್ತಿದ್ದದ್ದು ಗಾಳಿ ಬೆರೆತ ಡೀಸೆಲ್. ಹಾಗಾಗಿ ಶಿವಮೊಗ್ಗಕ್ಕೆ ಹೋಗಿದ್ದ ನಮ್ಮ ಪಂಪು ‘ಓಕೆ’ ಎಂಬ ಸರ್ಟಿಫಿಕೇಟು ಮತ್ತು ದೊಡ್ಡ ಬಿಲ್ಲಿನ ಜೊತೆ ಮರಳಿ ಬಂತು. ಹೊಸ ವಾಷರು ಹಾಕಿ, ಏರ್ ತೆಗೆದು ಕೂರಿಸಿದ ಎರಡು ದಿನ ಗಾಡಿ ಮಗುವಿನಂತೆ ಮಲಗಿತು. ಮೂರನೆಯ ಬೆಳಿಗ್ಗೆ ಅಡುಗೆಮನೆಯಿಂದ ಮತ್ತೆ ಅದೇ ತೀರ್ಪು.

ಸುಳಿವು ಎದುರಿಗೇ ಇತ್ತು, ನೋಡಿದವರಿರಲಿಲ್ಲ. ಮಲೆನಾಡಿನಲ್ಲಿ ಸಮತಟ್ಟಾದ ಅಂಗಳ ಯಾರಿಗಿದೆ? ದರೆ ಕಡಿದು ಮಾಡಿದ ಜಾಗದಲ್ಲಿ ಜೀಪು ಮೂತಿ ಮೇಲೆ ಮಾಡಿ ನಿಲ್ಲುತ್ತದೆ. ಆಗ ಟ್ಯಾಂಕು ಪಂಪಿಗಿಂತ ಕೆಳಗಾಗುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ರಾತ್ರಿಯಿಡೀ ಡೀಸೆಲ್ ಹಿಂದಕ್ಕಿಳಿದು ಅದರ ಜಾಗಕ್ಕೆ ಗಾಳಿ ಸೇರುತ್ತದೆ. ಬೆಳಿಗ್ಗೆ ಕುಂಟು, ಪೇಟೆ ಮುಟ್ಟುವಷ್ಟರಲ್ಲಿ ವಾಸಿ. ಗ್ಯಾರೇಜಿನ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ರೋಗಿಗೆ ರೋಗವೇ ಇರುವುದಿಲ್ಲ! ಈ ಬಿರುಕಿನಿಂದ ಡೀಸೆಲ್ ಹೊರಗೆ ಸೋರುವುದೂ ಕಡಿಮೆ, ಏಕೆಂದರೆ ಅಲ್ಲಿ ನಡೆಯುವುದು ಎಳೆತ, ಒತ್ತಡವಲ್ಲ. ಹನಿ ಹುಡುಕುವವರಿಗೆ ಸಿಗುವುದು ಒಣಗಿದ ಪೈಪು.

ಹಿಡಿಯುವ ಉಪಾಯ ಅಗ್ಗದ್ದು. ಪಂಪಿನ ಒಳಬರುವ ಬಾಯಿಗೆ ಅರ್ಧ ಅಡಿ ಪಾರದರ್ಶಕ ಪೈಪು ಹಾಕಿ ಇಂಜಿನ್ ಚಾಲೂ ಮಾಡಬೇಕು. ನಮ್ಮದರಲ್ಲಿ ಸೋಡಾ ಬಾಟಲಿಯ ಹಾಗೆ ಗುಳ್ಳೆ ಹರಿಯುತ್ತಿತ್ತು. ಮುಂದಿನ ಹೆಜ್ಜೆಗೆ ಒಂದು ಬಾಟಲಿ ಸಾಕು. ಟ್ಯಾಂಕಿನ ಪೈಪು ಕಳಚಿ, ಎತ್ತರದಲ್ಲಿ ಕಟ್ಟಿದ ಬಾಟಲಿಯ ಶುದ್ಧ ಡೀಸೆಲ್ಲನ್ನು ನೇರವಾಗಿ ಪಂಪಿಗೆ ಕೊಡುವುದು. ಕುಂಟು ನಿಂತರೆ ಪಂಪೂ ನಾಝಲ್ಲೂ ನಿರಪರಾಧಿಗಳು. ಕಳ್ಳ ಇರುವುದು ಟ್ಯಾಂಕಿನ ಕಡೆಗೆ. ನಮ್ಮ ಕಳ್ಳ ಕ್ಲಿಪ್ಪಿನ ಅಡಿಯಲ್ಲೇ ಅಡಗಿದ್ದ: ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ಪೈಪಿನ ತುದಿ. ತುಂಡು ಪೈಪು, ಎರಡು ಕ್ಲಿಪ್ಪು. ಆ ಖರ್ಚನ್ನು ಪಂಪಿನ ಬಿಲ್ಲಿನ ಪಕ್ಕ ಬರೆದುಕೊಳ್ಳಲು ಮನಸ್ಸಾಗಲಿಲ್ಲ.

ಎಲ್ಲರ ಗಾಡಿಯಲ್ಲೂ ಪೈಪೇ ಕಳ್ಳನಲ್ಲ. ಮಳೆಗಾಲದ ರಾತ್ರಿಗಳಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಮೈಯಲ್ಲಿ ತೇವ ಕಟ್ಟಿ ತಳಕ್ಕೆ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ. ಫಿಲ್ಟರಿನ ಕೆಳಗಿನ ಸ್ಕ್ರೂ ತೆಗೆದು ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಇಟ್ಟರೆ ಗೆರೆ ಕಾಣುತ್ತದೆ. ಬೆಳಿಗ್ಗೆ ಮಾತ್ರ ನಡುಗಿ, ಬಿಳಿ ಹೊಗೆ ಬಿಟ್ಟು, ಬಿಸಿಯಾದ ಮೇಲೆ ಸರಿಹೋದರೆ ಹೀಟರ್ ಪ್ಲಗ್ ನೋಡಬೇಕು. ನೀಲಿ ಹೊಗೆ ಆಯಿಲಿನದು, ಅದರ ದಾರಿ ಉದ್ದ. 2020ರ ಏಪ್ರಿಲಿನಿಂದ ದೇಶವಿಡೀ ಸಿಗುತ್ತಿರುವ ಬಿಎಸ್ 6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗ ಮಾತ್ರ. ಗಾಳಿಗೆ ಒಳ್ಳೆಯದು, ಆದರೆ ಹಳೆಯ ಕಾಲದ ರಬ್ಬರ್ ಸೀಲುಗಳು ಇಂಥ ಡೀಸೆಲ್ಲಿಗೆ ಕುಗ್ಗಿ ಸೋರುವುದುಂಟು. ಇನ್ನು ಹೊಗೆ ತಪಾಸಣೆಯ ಚೀಟಿ ನಂಬಿ ಕೂರುವವರಿಗೆ ಒಂದು ಮಾತು: ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಿನ ಹೊಗೆಯನ್ನು. ನಿಂತಾಗಿನ ನಡುಕದ ಬಗ್ಗೆ ಆ ಚೀಟಿ ಏನೂ ಹೇಳುವುದಿಲ್ಲ.

ಇಷ್ಟೆಲ್ಲ ದೂರಿದ ಮೇಲೆ ನಮ್ಮ ಮೆಕ್ಯಾನಿಕ್ಕುಗಳ ಕಿವಿಯನ್ನು ಹೊಗಳದಿದ್ದರೆ ತಪ್ಪಾದೀತು. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ನಾಝಲ್ಲಿನ ಮೇಲಿಟ್ಟು ‘ಮೂರನೇದು’ ಎಂದು ಹೇಳುವವರನ್ನು ಕಂಡಿದ್ದೇನೆ. ಬಿಚ್ಚಿದಾಗ ಮೂರನೆಯದೇ ತೊಟ್ಟಿಕ್ಕುತ್ತಿತ್ತು. ಈ ಸೀಮೆಯ ಕಿವಿಗಳು ಪಳಗಿದ್ದೇ ಡೀಸೆಲ್ ಸದ್ದಿನಲ್ಲಿ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಲ್ಲುವವರೆಗೆ ಈ ಏರಿಳಿತಗಳಲ್ಲೇ ಓಡಿದವು. ಯಾವ ಬಸ್ಸು ಎಂಬುದು ತಿರುವಿನಾಚೆಯ ಸದ್ದಿನಿಂದಲೇ ತಿಳಿಯುತ್ತಿತ್ತು.

ಕಿವಿಯ ಜೊತೆಗೆ ಅವರು ಮಾಡುವ ಇನ್ನೊಂದು ಪರೀಕ್ಷೆಯೂ ಅಪ್ಪಟ. ಐಡ್ಲಿಂಗಿನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ಟು ಸಡಿಲಿಸುವುದು. ಸರಿಯಿರುವ ಸಿಲಿಂಡರಿನದು ಸಡಿಲಿಸಿದರೆ ಇಂಜಿನ್ ಇನ್ನಷ್ಟು ಕುಂಟುತ್ತದೆ. ಯಾವುದನ್ನು ಸಡಿಲಿಸಿದರೆ ವ್ಯತ್ಯಾಸವೇ ಆಗುವುದಿಲ್ಲವೋ ಅದೇ ಸೋಮಾರಿ. ಅಲ್ಲಿ ಬಟ್ಟೆ ಹಿಡಿಯಬೇಕು, ಬೆರಳಲ್ಲ. ನೂರು ವಾತಾವರಣಕ್ಕೂ ಮಿಕ್ಕ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೋದರೆ ನೇರ ಆಸ್ಪತ್ರೆ. ಹೊಸ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಇದರ ಹತ್ತು ಪಟ್ಟಿಗೂ ಹೆಚ್ಚು. ಅಲ್ಲಿ ಈ ನಟ್ಟನ್ನು ಮುಟ್ಟಲೇಬಾರದು.

ಆದರೂ ಕಿವಿ ಹೇಳುವುದು ‘ಯಾವುದು’ ಎಂಬುದನ್ನು, ‘ಯಾಕೆ’ ಎಂಬುದನ್ನಲ್ಲ. ಮೂರನೆಯದು ಸೋಮಾರಿಯಾದದ್ದು ನಾಝಲ್ ತೊಟ್ಟಿಕ್ಕಿದ್ದಕ್ಕೋ, ಕೆಳಗಿನ ತಾಮ್ರದ ವಾಷರ್ ಸೋತದ್ದಕ್ಕೋ, ಟ್ಯಾಪೆಟ್ ಸಂದು ತಪ್ಪಿ ಕಂಪ್ರೆಶನ್ ಇಳಿದದ್ದಕ್ಕೋ ಎಂಬುದಕ್ಕೆ ಕೈ ಹಾಕಿಯೇ ನೋಡಬೇಕು. ಕುಂಟು ಒಮ್ಮೆ ಒಂದರಲ್ಲಿ, ಮತ್ತೊಮ್ಮೆ ಇನ್ನೊಂದರಲ್ಲಿ ಅಲೆದಾಡುತ್ತಿದ್ದರೆ ಗಾಳಿಯ ಮೇಲೆ ಮೊದಲ ಅನುಮಾನ ಇರಲಿ. ನಮ್ಮ ಗ್ಯಾರೇಜುಗಳಲ್ಲಿ ಕೊರತೆಯಿರುವುದು ಕೈಚಳಕಕ್ಕಲ್ಲ, ಸರದಿಗೆ. ಡೀಸೆಲ್ ಹರಿಯುವ ದಾರಿಯಲ್ಲೇ ನಡೆಯಬೇಕು: ಟ್ಯಾಂಕು, ಪೈಪು, ಫಿಲ್ಟರು. ಆಮೇಲೆ ನಾಝಲ್ಲು. ದಾರಿಯಲ್ಲಿ ನಾಝಲ್ಲಿಗಿಂತ ಮೊದಲೇ ಸಿಕ್ಕರೂ ಪಂಪು ಕಟ್ಟಕಡೆಗೆ. ನಮ್ಮವರು ಒಂದೋ ಕಡೆಯಿಂದ ಶುರುಮಾಡುತ್ತಾರೆ, ಇಲ್ಲವೇ ಸ್ಕ್ರೂ ತಿರುಗಿಸಿ ಶುರುವನ್ನೇ ಮಾಡುವುದಿಲ್ಲ.

ನಿಮ್ಮ ಗಾಡಿಯೂ ಬೆಳಗಿನ ಹೊತ್ತು ಕುಂಟುತ್ತಿದ್ದರೆ, ಗ್ಯಾರೇಜಿಗೆ ಫೋನ್ ಮಾಡುವ ಮುಂಚೆ ಒಂದು ರಾತ್ರಿ ಅದನ್ನು ತಿರುಗಿಸಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಬೆಳಿಗ್ಗೆ ಕುಂಟದೆ ಹೊರಟರೆ, ಅಥವಾ ಪೈಪಿನ ಕೆಳಗೆ ನೆಲದ ಮೇಲೆ ಎರಡು ಹನಿ ಡೀಸೆಲ್ ಕಂಡರೆ, ಸ್ಕ್ರೂ ಮುಟ್ಟಲು ಯಾರಿಗೂ ಬಿಡಬೇಡಿ. ಚಕ್ರಕ್ಕೆ ಕಲ್ಲು ಕೊಡುವುದನ್ನು ಮಾತ್ರ ಮರೆಯಬೇಡಿ.