ಕಾರ್ಡಿನಲ್ಲಿ ಯಾರ ಹೆಸರು?

ಗುಡ್‌ವುಡ್‌ನ ಮ್ಯಾಗ್ನೋಲಿಯಾ ಕಪ್ ಬಗ್ಗೆ ಬರೆಯುತ್ತೇನೆಂದು ಹೋದ ವಾರವೇ ಮಾತು ಕೊಟ್ಟಿದ್ದೆ. ಇಂಗ್ಲೆಂಡಿನ ಸಸೆಕ್ಸ್ ಗುಡ್ಡದ ಮೇಲೆ, ಬೇಸಿಗೆಯ ರೇಸ್ ಹಬ್ಬದ ಲೇಡೀಸ್ ಡೇ ದಿನ, 2011ರಿಂದ ನಡೆಯುತ್ತಿರುವ ಮಹಿಳೆಯರ ಚಾರಿಟಿ ರೇಸ್ ಅದು. ಕಂಪನಿ ಕಟ್ಟಿದವರು, ಟಿವಿಯವರು, ಬೇರೆ ಆಟಗಳಲ್ಲಿ ಹೆಸರು ಮಾಡಿದವರು ತಿಂಗಳುಗಟ್ಟಲೆ ತಯಾರಾಗಿ, ನಿಜವಾದ ರೇಸ್ ಕುದುರೆ ಹತ್ತಿ ಐದೂವರೆ ಫರ್ಲಾಂಗ್ ಓಡಿಸುತ್ತಾರೆ. ಸುತ್ತ ಊಟೋಪಚಾರ, ದೇಣಿಗೆ, ಟೋಪಿಗಳು.

ಟೋಪಿಗಳ ವಿಷಯದಲ್ಲಿ ನನ್ನ ತಕರಾರು ಹಳೆಯದು. ಮರುದಿನದ ಪತ್ರಿಕೆ ತೆರೆದರೆ ಯಾವ ಟೋಪಿ ಯಾರ ವಿನ್ಯಾಸ ಎಂದು ಬಣ್ಣದ ಚಿತ್ರದಡಿ ಬರೆದಿರುತ್ತಾರೆ. ಯಾವ ಕುದುರೆ ಗೆದ್ದಿತು, ಯಾರು ಓಡಿಸಿದರು ಎಂಬುದನ್ನು ಮೂಲೆಯಲ್ಲಿ ಹುಡುಕಬೇಕು. ಮುಂದಾಳುಗಳಾದ ಹೆಂಗಸರಿಗೆ ಬೆಂಬಲವೆಂದು ಜನ ಸೇರಿದ ಮೈದಾನದಲ್ಲಿ ಪ್ರಾಣ ಒತ್ತೆಯಿಟ್ಟು ಓಡಿಸಿದವಳ ಹೆಸರೇ ಇಲ್ಲದಿದ್ದರೆ ಹೇಗೆ? ಇನ್ನೊಂದು ಪಂಗಡ ಸ್ಟ್ಯಾಂಡಿನ ಹಿರಿಯರದು. ಅವರ ಪ್ರಕಾರ ಇದು ರೇಸೇ ಅಲ್ಲ.

ಅಂಥವರು ಸವಾರಳ ಕಾಲು ನೋಡಬೇಕು. ರೇಸ್ ಜೀನಿನ ಮೇಲೆ ಯಾರೂ ಕೂರುವುದಿಲ್ಲ, ನಿಲ್ಲುತ್ತಾರೆ. ರಿಕಾಪಿನ ಪಟ್ಟಿಯನ್ನು ಗಿಡ್ಡ ಕಟ್ಟಿರುತ್ತಾರೆ. ಮೈಭಾರವೆಲ್ಲ ಪಾದದ ಮುಂಭಾಗದ ಮೇಲೆ, ಬೆನ್ನು ಮಟ್ಟಸ, ಕೈಗಳು ಕುದುರೆಯ ಕತ್ತಿನೊಡನೆ ಹೋಗಿಬರಬೇಕು. ಅಭ್ಯಾಸವಿಲ್ಲದವರ ತೊಡೆ ನಿಮಿಷದೊಳಗೆ ನಡುಗತೊಡಗುತ್ತದೆ. ಬೆಂಗಳೂರಿನ ರೇಸ್ ಕೋರ್ಸಿನ ಬೇಲಿಗೆ ಒರಗಿ ಬೆಳಗಿನ ಟ್ರ್ಯಾಕ್ ವರ್ಕ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್‌ವುಡ್‌ನಲ್ಲಿ ಇದರ ಮೇಲೆ ಇಳಿಜಾರು ಬೇರೆ. ಕುದುರೆಯ ಭಾರ ಮುಂಗಾಲಿಗೆ ಇಳಿಯುತ್ತದೆ. ಕಾಲು ಸೋತ ಸವಾರಳು ಕತ್ತಿನ ಮೇಲೆ ವಾಲಿದರೆ ಅದರ ಹೆಜ್ಜೆಯ ಲಯವೇ ಕೆಡುತ್ತದೆ.

2019ರ ಆಗಸ್ಟ್ 1ರಂದು ಖದೀಜಾ ಮೆಲ್ಲಾ ಎಂಬ ಹದಿನೆಂಟರ ಹುಡುಗಿ ಈ ಇಳಿಜಾರಿನಲ್ಲಿ ಹ್ಯಾವರ್‌ಲ್ಯಾಂಡ್ ಎಂಬ ಕುದುರೆಯನ್ನು ಓಡಿಸಿದಳು. ಹೆಲ್ಮೆಟ್ಟಿನಡಿ ಹಿಜಾಬ್. ಸವಾರಿ ಕಲಿತದ್ದು ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯ ಎಬನಿ ಹಾರ್ಸ್ ಕ್ಲಬ್‌ನಲ್ಲಿ. ರೇಸ್ ಕುದುರೆಯ ಮೇಲೆ ಮೊದಲ ಸಲ ಹತ್ತಿದ್ದು ಅದೇ ವರ್ಷ, ಓಟಕ್ಕೆ ಕೆಲವೇ ತಿಂಗಳ ಮೊದಲು. ಎದುರಾಳಿಗಳಲ್ಲಿ ಒಲಿಂಪಿಕ್ ಸೈಕಲ್ ಚಾಂಪಿಯನ್ ವಿಕ್ಟೋರಿಯಾ ಪೆಂಡಲ್‌ಟನ್ ಇದ್ದರು. ಗೆದ್ದವಳು ಖದೀಜಾ. ಆ ಕೊನೆಯ ಫರ್ಲಾಂಗನ್ನು ನಾನು ವಿಡಿಯೊದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಆ ವರ್ಷ ಸಂಗ್ರಹವಾದ ಹಣ ಹೆಂಗಸರ ಆರೋಗ್ಯಕ್ಕಾಗಿ ದುಡಿಯುವ ವೆಲ್‌ಬೀಯಿಂಗ್ ಆಫ್ ವಿಮೆನ್ ಸಂಸ್ಥೆಗೆ ಹೋಯಿತು.

ದೇಣಿಗೆಯ ಬಗ್ಗೆಯೂ ಬರೆಯಬೇಕಿತ್ತು. ಆದರೆ ಹೆಸರಿನ ಮಾತು ಬಂದ ಮೇಲೆ ಫ್ಲಾರೆನ್ಸ್ ನೇಗಲ್ ಅವರನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು.

1937ರ ಡರ್ಬಿ ನನ್ನ ಅಚ್ಚುಮೆಚ್ಚಿನ ಡರ್ಬಿ. ಮೊದಲು ಬಂದ ಮಿಡ್‌ಡೇ ಸನ್ ಶ್ರೀಮತಿ ಮಿಲ್ಲರ್ ಅವರ ಕುದುರೆ. ಎಪ್ಸಮ್ ಮೈದಾನದಲ್ಲಿ ಡರ್ಬಿ ಗೆದ್ದ ಕುದುರೆಗೆ ಹೆಂಗಸೊಬ್ಬಳು ಒಡತಿಯಾದದ್ದು ಅದೇ ಮೊದಲು. ಎರಡನೆಯದು ಒಂದಕ್ಕೆ ನೂರರ ದರವಿದ್ದ ಸ್ಯಾಂಡ್‌ಸ್ಪ್ರೈಟ್. ಅದರ ಒಡತಿ ನೇಗಲ್. ಒಡತಿಯಾಗಲು ಅಡ್ಡಿಯಿರಲಿಲ್ಲ, ಟ್ರೇನರ್ ಲೈಸೆನ್ಸ್ ಮಾತ್ರ ಆಗ ಹೆಂಗಸರಿಗಿರಲಿಲ್ಲ. ಲಾಯ ಆಕೆಯದು, ಕೆಲಸದ ಕ್ರಮ ಗೊತ್ತುಮಾಡುವವರು ಆಕೆ. ಲೈಸೆನ್ಸ್ ಮಾತ್ರ ಲಾಯದ ಮೇಸ್ತ್ರಿಯ ಹೆಸರಿನಲ್ಲಿ. ಅವರದೇ ಸಂಬಳದ ಆಳು ಅವನು. ಕುದುರೆ ಗೆದ್ದ ದಿನವೂ ರೇಸ್ ಕಾರ್ಡಿನಲ್ಲಿ ಟ್ರೇನರ್ ಎಂದು ಅಚ್ಚಾಗುತ್ತಿದ್ದದ್ದು ಅವನ ಹೆಸರು.

ಎಷ್ಟೋ ವರ್ಷ ಅರ್ಜಿ ಹಾಕಿ, ಎಪ್ಪತ್ತು ದಾಟಿದ ಮೇಲೆ ನೇಗಲ್, ಅಲ್ಲಿನ ರೇಸಿನ ಆಡಳಿತ ನಡೆಸುತ್ತಿದ್ದ ಜಾಕಿ ಕ್ಲಬ್ಬನ್ನು ಕೋರ್ಟಿಗೆಳೆದರು. 1966ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಲಾರ್ಡ್ ಡೆನಿಂಗ್ ಅವರ ಪೀಠ, ಹೆಂಗಸೆಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವುದನ್ನು ಪ್ರಶ್ನಿಸಬಹುದೆಂದು ಹೇಳಿ ದಾವೆಗೆ ದಾರಿ ಬಿಟ್ಟಿತು. ವಿಚಾರಣೆ ಮುಂದುವರಿಯುವ ಮೊದಲೇ ಕ್ಲಬ್ ಮಣಿಯಿತು. ಜಾಕಿ ಕ್ಲಬ್ಬಿನ ನಿಯಮದಡಿ ಹೆಂಗಸರಿಗಾಗಿಯೇ ಮೊದಲ ರೇಸ್ ಬಂದದ್ದು ಮತ್ತೆ ಆರು ವರ್ಷ ಕಳೆದು, 1972ರಲ್ಲಿ, ಕೆಂಪ್ಟನ್ ಪಾರ್ಕಿನಲ್ಲಿ. ಸ್ಕಾರ್ಚ್ಡ್ ಅರ್ತ್ ಎಂಬ ಕುದುರೆಯ ಮೇಲೆ ಮೆರಿಯಲ್ ಟಫ್ನೆಲ್ ಗೆದ್ದರು. ಮ್ಯಾಗ್ನೋಲಿಯಾ ಕಪ್ಪಿನ ಬೇರು ನೇಗಲ್ ಅವರ ಆ ದಾವೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಆ ಬೇರಿಗೆ ನೀರು ಬಿದ್ದದ್ದು 1966ರ ಆಗಸ್ಟಿನಲ್ಲಿ, ಬ್ರೈಟನ್ ರೇಸಿನಲ್ಲಿ. ತಂದೆಯ ಕಾಲಾನಂತರ ದಶಕಗಳ ಕಾಲ ಲಾಯ ನಡೆಸಿಕೊಂಡು ಬಂದಿದ್ದ ನೋರಾ ವಿಲ್ಮಟ್ ಅವರ ಕುದುರೆ ಅಂದು ಗೆದ್ದಿತು. ಕುದುರೆಯ ಹೆಸರು ಪ್ಯಾಟ್. ಟ್ರೇನರ್ ಎಂಬಲ್ಲಿ ಆ ದಿನ ಅಚ್ಚಾದದ್ದು ವಿಲ್ಮಟ್ ಅವರದೇ ಹೆಸರು.