ಹಸಿ ಮಾಂಸ ತಿಂತಾರಂತೆ

ಪ್ರಾಚೀನ ಗ್ರೀಸಿನ ಏಟೋಲಿಯಾ ಸೀಮೆಯ ಉತ್ತರದ ಅಂಚಿನ ಬೆಟ್ಟಗಳಲ್ಲಿ ಯೂರಿಟಾನಿಯರು ಅಂತ ಒಂದು ಬುಡಕಟ್ಟಿತ್ತು. ಇವರ ಹೆಸರು ಇವತ್ತಿಗೂ ಓಡಾಡುತ್ತಿರುವುದು ಮುಖ್ಯವಾಗಿ ಇತಿಹಾಸಕಾರ ಥುಸಿಡಿಡೀಸ್ ಬರೆದ ಒಂದು ವಾಕ್ಯದಿಂದ. ಏಟೋಲಿಯನ್ನರಲ್ಲಿ ಇವರದೇ ದೊಡ್ಡ ಪಾಲು, ಮಾತು ಅರ್ಥವೇ ಆಗುವುದಿಲ್ಲ, ಹಸಿ ಮಾಂಸ ತಿಂತಾರಂತೆ. ಇಷ್ಟೇ ಅದರ ಸಾರ.

ಆ ಕೊನೆಯ 'ಅಂತೆ' ನೋಡಿ. ಗ್ರೀಕಿನಲ್ಲಿ ಅದು ಎರಡು ಪದ, ವಾಕ್ಯದ ತುದಿಯಲ್ಲಿ ಕೂತಿದೆ. ಇಂಗ್ಲಿಷ್ ಅನುವಾದ ಓದುವಾಗ ಅಲ್ಲಿಗೆ ತಲುಪುವಷ್ಟರಲ್ಲಿ ನಮ್ಮ ತಲೆಯೊಳಗೆ ಕಾಡುಮನುಷ್ಯರ ಚಿತ್ರ ಸಿದ್ಧವಾಗಿರುತ್ತದೆ. ಕೇಳಿದ್ದನ್ನು ಪರೀಕ್ಷಿಸದೆ ಬರೆಯೋದಿಲ್ಲ ಅಂತ ಮೊದಲ ಭಾಗದಲ್ಲೇ ಹೇಳಿಕೊಂಡ ಲೇಖಕ, ಇಲ್ಲಿ ಮಾತ್ರ 'ಅಂತೆ'ಗೆ ಸುಮ್ಮನಾಗಿದ್ದಾನೆ.

ಯಾರು ಹೇಳಿದ್ದಂತೆ? ವಾಕ್ಯ ಬರುವ ಜಾಗವೇ ಸುಳಿವು ಕೊಡುತ್ತದೆ. ಕ್ರಿ.ಪೂ. 426ರಲ್ಲಿ ನೌಪಾಕ್ಟಸ್‌ನ ಮೆಸ್ಸೀನಿಯನ್ನರು ಅಥೆನ್ಸಿನ ಸೇನಾಪತಿ ಡೆಮಾಸ್ತನೀಸ್‌ನನ್ನು (ಭಾಷಣಕಾರನಲ್ಲ, ಇವನು ಬೇರೆ) ಏಟೋಲಿಯಾದ ಮೇಲೆ ದಾಳಿಗೆ ಒಪ್ಪಿಸುತ್ತಿದ್ದಾರೆ. ಕೋಟೆಯಿಲ್ಲದ ಚದುರಿದ ಹಳ್ಳಿಗಳು, ಹಗುರ ಆಯುಧ, ಒಗ್ಗೂಡುವ ಮೊದಲೇ ಮುಗಿಸಬಹುದು ಅಂತ. ಪಕ್ಕಾ ಸೇಲ್ಸ್ ಮಾತು. ಅದರ ನಡುವೆಯೇ ಹಸಿ ಮಾಂಸವೂ ಬರುತ್ತದೆ. ನನ್ನ ಓದಿನಲ್ಲಿ ಇದು ಜನಾಂಗ ವರ್ಣನೆಯಲ್ಲ, ಯುದ್ಧ ಮಾರುವವರ ಬಾಯಿಮಾತು ಲೇಖಕನ ಬರವಣಿಗೆಗೆ ಅಂಟಿಕೊಂಡದ್ದು.

ಡೆಮಾಸ್ತನೀಸ್ ನಂಬಿದ. ಲೋಕ್ರಿಯನ್ ಈಟಿಗಾರರು ಬರುವವರೆಗೂ ಕಾಯಲಿಲ್ಲ. ಈಜಿಟಿಯಂ ಎಂಬಲ್ಲಿ ಏಟೋಲಿಯನ್ನರು ಗುಡ್ಡಗಳಿಂದ ಇಳಿದಿಳಿದು ಈಟಿ ಎಸೆದರು. ದಾರಿ ತೋರುತ್ತಿದ್ದ ಮೆಸ್ಸೀನಿಯನ್ ಸತ್ತ. ಓಡಿದವರಲ್ಲಿ ಹೆಚ್ಚಿನವರು ದಾರಿ ತಪ್ಪಿ ಕಾಡಿಗೆ ನುಗ್ಗಿದರು, ಕಾಡಿಗೇ ಬೆಂಕಿ ಬಿತ್ತು. ಅಥೆನ್ಸಿನ 120 ಯೋಧರು ಸತ್ತರು. ಈ ಪುಟಗಳು ಪುಸ್ತಕದ ಅತ್ಯುತ್ತಮ ಭಾಗಗಳಲ್ಲಿ ಸೇರುತ್ತವೆ, ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರೋದು ನಂತರದ ಒಂದು ಸಾಲನ್ನು ನಾವು ಓದುವ ರೀತಿಯಲ್ಲಿ. ಏಟೋಲಿಯನ್ನರು ಕೊರಿಂತ್‌ಗೂ ಸ್ಪಾರ್ಟಾಗೂ ರಾಯಭಾರಿಗಳನ್ನು ಕಳಿಸಿದ್ದರು. ಮೂವರ ಹೆಸರೂ ಇದೆ. ಅದರಲ್ಲೊಬ್ಬ ಬೋರಿಯಾಡೀಸ್, ಯೂರಿಟಾನಿಯ. ಅವರ ಮಾತಿಗೆ ಒಪ್ಪಿ ಸ್ಪಾರ್ಟಾ ತನ್ನ ಮಿತ್ರರ 3,000 ಯೋಧರನ್ನು ಕಳಿಸಿತು. ಮಾತೇ ಅರ್ಥವಾಗದ ಬುಡಕಟ್ಟಿನವನು ಅಲ್ಲಿ ಹೇಗೆ ಮಾತಾಡಿದ? ಥುಸಿಡಿಡೀಸ್ ಕೇಳುವುದಿಲ್ಲ. ಅಧ್ಯಾಯ 94ಕ್ಕೂ 100ಕ್ಕೂ ನಡುವೆ ಕೆಲವೇ ಪುಟ. ಹಸಿ ಮಾಂಸವನ್ನು ಎತ್ತಿ ಹೇಳುವವರು ಬೋರಿಯಾಡೀಸ್‌ನ ಹೆಸರನ್ನೂ ಜೊತೆಗೇ ಹೇಳಲಿ.